ಮೇಷ್ಟ್ರನ್ನು ಚಾರ್ಜಿಗೆ ಹಾಕುವವರು

ನಾಯಕನಹಟ್ಟಿ ಬಸ್ ನಿಲ್ದಾಣದಲ್ಲಿ ಹೆಗಲಿಗೊಂದು ಬ್ಯಾಗು, ಕೈಯಲ್ಲೊಂದು ಫೈಲು ಹಿಡಿದು ನಿಂತ ಮೇಷ್ಟ್ರು ಕಣ್ಣಿಗೆ ಬಿದ್ದರೆ ಸಾಕು, ಟೀ ಅಂಗಡಿಯವನು ಕೇಳುತ್ತಿದ್ದ: "ಏನ್ ಸಾ, ಕುದಾಪುರಕ್ಕೆ ಹೋಗಿದ್ರಾ? ಚಾರ್ಜ್ ಮಾಡಿಸ್ಕೊಂಡ್ ಬಂದ್ರಾ?" ಅವನದು ತಮಾಷೆ. ಅದೇ ಮಾತನ್ನು ಬೆಂಗಳೂರಿನಿಂದ ಬಿಇಓ ಕಚೇರಿಯವರೆಗೆ ಎಲ್ಲರೂ ನಗದೆ ಆಡುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ಅವರ ಲೆಕ್ಕ ಸರಳ. ಮಕ್ಕಳು ಕಲಿಯುತ್ತಿಲ್ಲ ಅಂದರೆ ಮೇಷ್ಟ್ರ ಬ್ಯಾಟರಿ ಇಳಿದಿದೆ. ಐದು ದಿನವೋ ಹತ್ತು ದಿನವೋ ಎಲ್ಲಾದರೂ ಪ್ಲಗ್ಗಿಗೆ ಸಿಕ್ಕಿಸಿ ತೆಗೆದರೆ ಸರಿಹೋಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದರೆ ತರಬೇತಿ, ಪಠ್ಯಪುಸ್ತಕ ಬದಲಾದರೆ ತರಬೇತಿ, ಸರ್ಕಾರ ಬದಲಾದರೂ ತರಬೇತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಇದಕ್ಕೊಂದು ಅಳತೆಯೂ ಸಿಕ್ಕಿತು: ಪ್ರತಿಯೊಬ್ಬ ಶಿಕ್ಷಕ ವರ್ಷಕ್ಕೆ ಕನಿಷ್ಠ 50 ಗಂಟೆ. ಸಂಪಾದಕೀಯ ಬರೆಯುವವರೂ ಕೊನೆಯ ಪ್ಯಾರಾದಲ್ಲಿ 'ಶಿಕ್ಷಕರಿಗೆ ಸೂಕ್ತ ತರಬೇತಿ ಅಗತ್ಯ' ಎಂದು ಬರೆದು ಪೆನ್ನು ಮುಚ್ಚುತ್ತಾರೆ. ಮೊಳಕಾಲ್ಮೂರು ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಶುರು ಮಾಡಿ, ಆಮೇಲೆ ಚಳ್ಳಕೆರೆ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಸುತ್ತಾಡಿ, ಒಟ್ಟು ಮೂವತ್ತೊಂದು ವರ್ಷ ಸೀಮೆಸುಣ್ಣ ಹಿಡಿದವನು ನಾನು. ತರಬೇತಿಗೆ ನಮಗೆಂದೂ ಬರಗಾಲ ಇರಲಿಲ್ಲ. ಬರ ಇದ್ದದ್ದು ಪಕ್ಕದಲ್ಲೊಬ್ಬ ಮೇಷ್ಟ್ರಿಗೆ.

ಕುದಾಪುರವನ್ನು ಬೈಯಲು ಕೂತಿಲ್ಲ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಿಕ್ಕ 1500 ಎಕರೆ ಅದು. ಸುತ್ತಲ ಕಾವಲುಗಳಲ್ಲಿ ಡಿಆರ್‌ಡಿಓ, ಬಾರ್ಕ್, ಇಸ್ರೋ. ದನಕುರಿ ಮೇಯುತ್ತಿದ್ದ ನೆಲಕ್ಕೆ ಬೇಲಿ ಬಿದ್ದದ್ದರ ಜಗಳ ಹಸಿರು ನ್ಯಾಯಾಧಿಕರಣದ ತನಕ ಹೋಯಿತು. ಅದೇ ಒಂದು ಬೇರೆ ಲೇಖನ. ಆ ಬೇಲಿಯೊಳಗೆ ಶಾಲಾ ಮೇಷ್ಟ್ರಿಗೂ ಒಂದು ಜಾಗ ಸಿಕ್ಕಿತು. ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಎಂಬ ಹೆಸರಿನ ಕೇಂದ್ರದಲ್ಲಿ ಒಂದು ದಶಕಕ್ಕೂ ಮಿಕ್ಕಿ ಹೈಸ್ಕೂಲು, ಪಿಯು ಕಾಲೇಜುಗಳ ವಿಜ್ಞಾನ, ಗಣಿತ ಶಿಕ್ಷಕರಿಗೆ ಅಲ್ಲೇ ಉಳಿಸಿಕೊಂಡು ತರಬೇತಿ ಕೊಡುತ್ತಿದ್ದಾರೆ. ಅಲ್ಲಿ ಪ್ರಯೋಗವನ್ನು ಮೇಷ್ಟ್ರೇ ಕೈಯಾರೆ ಮಾಡಬೇಕು. ನಮ್ಮ ರಾಜ್ಯದ ತರಬೇತಿಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ. ಅದಕ್ಕೇ ವಾದವನ್ನು ಇಲ್ಲಿಂದ ಎತ್ತಿದ್ದು. ಕೆಟ್ಟ ತರಬೇತಿಯ ಮೇಲೆ ಬೀಳುವುದು ಸುಲಭ. ಒಳ್ಳೆಯ ತರಬೇತಿಯೇ ಶಾಲೆಗೆ ತಲುಪುವ ಹೊತ್ತಿಗೆ ಏನಾಗುತ್ತದೆ ಎನ್ನುವುದು ಪ್ರಶ್ನೆ.

ಕೈಯಾರೆ ಮಾಡಿಸುವ ಇಂಥದೇ ಒಂದು ಶಿಬಿರ, ಯಾವುದೆಂಬುದು ಬೇಡ. ನನ್ನ ಪಕ್ಕದ ಮೇಜಿನಲ್ಲಿ ಹತ್ತೊಂಬತ್ತು ವರ್ಷ ಆಮ್ಲ, ಪ್ರತ್ಯಾಮ್ಲ ಪಾಠ ಮಾಡಿದ ಮೇಷ್ಟ್ರೊಬ್ಬರು. ಬ್ಯೂರೆಟ್ ಹಿಡಿದದ್ದು ಅವರಿಗದೇ ಮೊದಲು. ಫಿನಾಫ್ತಲೀನ್ ಹಾಕಿದ ಆಮ್ಲ ಫ್ಲಾಸ್ಕಿನಲ್ಲಿ ನೀರಿನಂತೆ ತಿಳಿಯಾಗಿತ್ತು. ಮೇಲಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಟ್ಟರು. ನಲ್ಲಿ ತಿರುಗಿಸಿದ್ದು ಒಂದು ಕೂದಲೆಳೆ ಜಾಸ್ತಿಯಾಯಿತು; ಫ್ಲಾಸ್ಕಿನ ತುಂಬ ಕುಂಕುಮದ ನೀರು. ಎರಡನೇ ಸಲವೂ ಅದೇ. ಮೂರನೇ ಸಲ ಉಸಿರು ಬಿಗಿಹಿಡಿದು ಹನಿಹನಿಯಾಗಿ ಬಿಟ್ಟರು. ಒಂದು ಹನಿ ಬಿದ್ದು ಗುಲಾಬಿ ಸುಳಿ ಎದ್ದಿತು, ಅಲುಗಿಸಿದರೆ ಮಾಯ. ಮತ್ತೊಂದು ಹನಿ. ಈ ಸಲ ಬಣ್ಣ ಹೋಗಲಿಲ್ಲ. ಮೊಲದ ಕಿವಿಯ ಒಳಗಿರುತ್ತದಲ್ಲ, ಅಷ್ಟೇ ತಿಳಿಯಾದ ಗುಲಾಬಿ. ಐವತ್ತರ ಆ ಮನುಷ್ಯ ಫ್ಲಾಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ನಿಂತರು. "ಒಂದೇ ಹನಿ ಸಾ, ಒಂದೇ ಹನಿ" ಅಂದರು.

ಮುಂದಿನ ವರ್ಷ ಸಿಕ್ಕಾಗ ಕೇಳಿದೆ. ಶಾಲೆಯಲ್ಲಿ ಬ್ಯೂರೆಟ್ ಇದೆ, ಬೀರುವಿನಲ್ಲಿದೆ. ಬೀರುವಿನ ಕೀಲಿ ಹೆಡ್‌ಮಾಸ್ಟರ ಹತ್ತಿರ. ಹೆಡ್‌ಮಾಸ್ಟರಿಗೆ ದಾಸ್ತಾನು ಪುಸ್ತಕದ ಭಯ. ಒಡೆದರೆ ಯಾರ ಸಂಬಳದಲ್ಲಿ ಹಿಡಿಯುವುದು? ಮೂರು ತರಗತಿಗಳ ವಿಜ್ಞಾನ ಒಬ್ಬರದೇ, ಗಣಿತದ ಹುದ್ದೆ ಖಾಲಿ, ಅದೂ ಇವರ ತಲೆಗೆ. ಹತ್ತು ದಿನ ಹೋಗಿ ಬಂದದ್ದಕ್ಕೆ ಹತ್ತು ದಿನದ ಪಾಠ ಬಾಕಿ ಬಿದ್ದಿತ್ತು, ಅದನ್ನು ಎಳೆಯುವಷ್ಟರಲ್ಲಿ ದಸರಾ ರಜೆ. ಬ್ಯೂರೆಟ್ ಮತ್ತೆ ಪುಸ್ತಕದ ಚಿತ್ರವಾಯಿತು. ಇದರಲ್ಲಿ ಬ್ಯಾಟರಿ ಇಳಿದದ್ದು ಎಲ್ಲಿ?

ಫಲಿತಾಂಶವನ್ನೇ ಪುರಾವೆ ಎನ್ನುವವರಿಗೆ ನಮ್ಮ ಜಿಲ್ಲೆಯ ಕಥೆ ಹೇಳುತ್ತೇನೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಶೇ 96.80 ಪಡೆದು ರಾಜ್ಯಕ್ಕೇ ಮೊದಲು. ಹಾರ, ತುರಾಯಿ, ಬ್ಯಾನರು. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು; ಜಿಲ್ಲೆ ಶೇ 72.85ಕ್ಕೆ ಇಳಿದು 21ನೇ ಸ್ಥಾನದಲ್ಲಿ ಕೂತಿತು, ಅದೂ ಕೃಪಾಂಕ ಧಾರಾಳವಾಗಿ ಹಂಚಿದ ಮೇಲೆ. ಅದೇ ಶಾಲೆಗಳು, ಬಹುಪಾಲು ಅದೇ ಮೇಷ್ಟ್ರುಗಳು. ಹನ್ನೆರಡು ತಿಂಗಳಲ್ಲಿ ಜಿಲ್ಲೆಯಿಡೀ ಶಿಕ್ಷಕರು ತರಬೇತಿ ಮರೆತುಬಿಟ್ಟರೇ? ಏರಿದ ವರ್ಷ ತರಬೇತಿಯ ಜಯ ಎಂದವರು ಇಳಿದ ವರ್ಷ ಏನೆಂದರು ಗೊತ್ತೇ? ಇನ್ನಷ್ಟು ತರಬೇತಿ ಬೇಕು ಎಂದರು. ಬಿದ್ದರೂ ಎದ್ದರೂ ಒಂದೇ ಮದ್ದು ಬರೆಯುವ ವೈದ್ಯನನ್ನು ನಮ್ಮ ಕಡೆ ಎರಡನೇ ಸಲ ಮನೆಗೆ ಕರೆಯುವುದಿಲ್ಲ.

ಇನ್ನು ತರಬೇತಿ ಹರಿದು ಬರುವ ರೀತಿ. ದೆಹಲಿಯಲ್ಲಿ ಕೆಲವರು ಕಲಿಯುತ್ತಾರೆ, ಅವರು ಬೆಂಗಳೂರಿನವರಿಗೆ ಹೇಳುತ್ತಾರೆ, ಅವರು ಜಿಲ್ಲೆಯ ಡಯಟ್ಟಿನವರಿಗೆ, ಅವರು ತಾಲ್ಲೂಕಿನ ಬಿಆರ್‌ಸಿಯಲ್ಲಿ ನಮಗೆ. 2019ರಲ್ಲಿ ಶುರುವಾದ 'ನಿಷ್ಠಾ' ತರಬೇತಿ 42 ಲಕ್ಷ ಶಿಕ್ಷಕರನ್ನು ಮುಟ್ಟುವ ಗುರಿಯೊಂದಿಗೆ ಹೊರಟಿತು. ಇದನ್ನು ಹೊಸದೆಂದು ತಿಳಿಯಬೇಡಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಇಂಥದೇ ಸುತ್ತೋಲೆ ಎರಡು ಸಾವಿರದ ಇನ್ನೂರು ವರ್ಷದಿಂದ ಕೂತಿದೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನ ಅದು. ಅಪ್ಪಣೆ ಸಾಮ್ರಾಟನದು, ಅದನ್ನು ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ, ಮೊದಲು ಕ್ಷೇಮ ಸಮಾಚಾರ ಕೇಳಿ, ಆಮೇಲೆ ದಾಟಿಸುತ್ತಾರೆ. ನಮ್ಮ ಇಲಾಖೆ ಉಳಿದದ್ದನ್ನೆಲ್ಲ ಉಳಿಸಿಕೊಂಡು ಕ್ಷೇಮ ವಿಚಾರಿಸುವುದನ್ನು ಮಾತ್ರ ಬಿಟ್ಟಿದೆ.

ಆ ಶಾಸನದಲ್ಲೇ ಒಂದು ಮಾತಿದೆ: ಅಂತೇವಾಸಿಯಾದವನು ಆಚಾರ್ಯನನ್ನು ಗೌರವಿಸಬೇಕು ಎಂದು. ಶಿಕ್ಷಕರ ದಿನಾಚರಣೆಯಲ್ಲಿ ನಮ್ಮ ಕಡೆಯ ಭಾಷಣಕಾರರು ಇದನ್ನು ಎತ್ತಿ ಗುರುಭಕ್ತಿಯ ಉಪದೇಶ ಮಾಡುತ್ತಾರೆ. ನನಗೆ ಹಿಡಿಸುವುದು ಗೌರವ ಎಂಬ ಮಾತಿಗಿಂತ ಅಂತೇವಾಸಿ ಎಂಬ ಮಾತು. ಹತ್ತಿರ ವಾಸಿಸುವವನು ಎಂದದರ ಅರ್ಥ. ಕಲಿಯುವವನು ಹತ್ತಿರ ಇರಬೇಕು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಗೆ ಹೋಗಿ ನೋಡಿ. ಹಳೆಯ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಸೇರಿಸಿ ಅಚ್ಚು ಕೆಚ್ಚುವ ಕೆಲಸವನ್ನು ಯಾರೂ ಪವರ್‌ಪಾಯಿಂಟ್ ಹಾಕಿ ಹೇಳಿಕೊಡುವುದಿಲ್ಲ. ಕಲಿಯುವ ಹುಡುಗಿ ಪಕ್ಕದಲ್ಲಿ ಕೂತು ಬೆರಳು ನೋಡುತ್ತಾಳೆ. ಎಳೆ ತಪ್ಪಿದರೆ ದೊಡ್ಡವಳ ಕೈ ಬಂದು ಅಲ್ಲೇ ಸರಿ ಮಾಡುತ್ತದೆ. ಸೀರೆ ನೇಯುವುದಕ್ಕೆ ಬೇಕೆಂದು ನಾವು ಒಪ್ಪಿಕೊಂಡ ಈ ಸಾಮೀಪ್ಯ ಪಾಠ ಮಾಡುವುದಕ್ಕೆ ಬೇಡವೆಂದು ಯಾರು ತೀರ್ಮಾನಿಸಿದರು?

ನನಗೆ ಅದು ಸಿಕ್ಕಿತ್ತು, ಅದೃಷ್ಟದಿಂದ. ಮೊದಲ ಶಾಲೆ ರಾಯದುರ್ಗದ ಗಡಿಯ ಕಡೆಗಿನ ಒಂದು ಊರು. ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿಕ್ಷಕರ ತರಬೇತಿಯ ಟಿಸಿಎಚ್ ಕೋರ್ಸು ಮುಗಿಸಿ ಹೋಗಿದ್ದ ನನ್ನ ಹತ್ತಿರ ಪೀಠಿಕೆ, ವಿಷಯ ನಿರೂಪಣೆ, ಪುನರಾವರ್ತನೆ ಎಂದು ಗೆರೆ ಹೊಡೆದ ಪಾಠಯೋಜನೆಯ ಪುಸ್ತಕ ಇತ್ತು. ಮೂರನೇ ಕ್ಲಾಸಿಗೆ 'ನೂರ ಐದು' ಬರೆಯಿರಿ ಎಂದೆ. ಅರ್ಧಕ್ಕರ್ಧ ಮಕ್ಕಳು 1005 ಎಂದು ಬರೆದರು. ತಪ್ಪು ಅಂದೆ, ಅಳಿಸಿ ಸರಿ ಮಾಡಿದೆ, ಮತ್ತೆ ಬರೆಸಿದೆ. ಮತ್ತೆ 1005. ಒಬ್ಬನ ಕಿವಿ ಹಿಂಡಿದ್ದೂ ನೆನಪಿದೆ.

ಪಕ್ಕದ ಕ್ಲಾಸಿನ ಹಿರಿಯ ಮೇಷ್ಟ್ರು ಕಿಟಕಿಯಾಚೆ ನಿಂತು ಎಲೆಗೆ ಸುಣ್ಣ ಹಚ್ಚುತ್ತಾ ಇದನ್ನೆಲ್ಲ ನೋಡಿದ್ದಾರೆ. ಆಗ ಏನೂ ಅನ್ನಲಿಲ್ಲ. ಸಂಜೆ ಸೈಕಲ್ ತಳ್ಳಿಕೊಂಡು ಹೋಗುವಾಗ ಹೇಳಿದರು: "ಆ ಹುಡುಗನ ಕಿವಿ ಯಾಕಪ್ಪ ಹಿಂಡ್ದೆ? ಅದು ಚೆನ್ನಾಗೇ ಕೇಳಿಸ್ತಾ ಐತಲ್ಲ. ನೂರು ಅಂದ್ರೆ 100, ಐದು ಅಂದ್ರೆ 5. ಕೇಳಿಸಿದ್ದನ್ನ ಪಕ್ಕಪಕ್ಕ ಇಟ್ಟವ್ನೆ. ನೀನು ಬೋರ್ಡಿಗೆ ಪಾಠ ಮಾಡ್ತಾ ಇದ್ದೀಯ, ಅವ್ನಿಗಲ್ಲ." ಮಾರನೇ ದಿನ ಅವರೇ ಬಂದರು. ನೆಲದ ಮೇಲೆ ಮೂರು ಮನೆ ಗೀಚಿದರು, ಬಿಡಿ, ಹತ್ತು, ನೂರು. ಕಡ್ಡಿಗಳ ಕಟ್ಟು ಕಟ್ಟಿಸಿದರು. ನೂರರ ಮನೆಯಲ್ಲಿ ಒಂದು ದೊಡ್ಡ ಕಟ್ಟು, ಬಿಡಿಯ ಮನೆಯಲ್ಲಿ ಐದು ಕಡ್ಡಿ. ನಡುವಿನ ಮನೆ ತೋರಿಸಿ "ಇಲ್ಲಿ ಯಾರವ್ರೆ?" ಅಂದರು. ಯಾರೂ ಇಲ್ಲ ಅಂದವು ಮಕ್ಕಳು. "ಮನೆ ಖಾಲಿ ಐತೆ ಅಂತ ಬೋರ್ಡ್ ಹಾಕ್ಬೇಕಲ್ಲ? ಆ ಬೋರ್ಡೇ ಸೊನ್ನೆ." ತೆಲುಗಿನಲ್ಲೂ ಒಂದು ಸಲ ಹೇಳಿದರು. ಅವತ್ತಿನಿಂದ 1005ರ ಕಾಟ ಕಡಿಮೆಯಾಯಿತು. ನನಗೆ ಹಿಡಿದದ್ದು ಬೇರೆ: ತಪ್ಪಿನೊಳಗೆ ಮಗುವಿನ ತರ್ಕ ಇರುತ್ತದೆ, ಅದನ್ನು ಓದಬೇಕು.

ಅಮೆರಿಕದ ಲೀ ಶುಲ್ಮನ್ 1986ರಲ್ಲಿ ಈ ತಿಳಿವಳಿಕೆಗೊಂದು ಹೆಸರಿಟ್ಟರು. ವಿಷಯ ಗೊತ್ತಿರುವುದು ಒಂದು, ಬೋಧನಾ ವಿಧಾನ ಗೊತ್ತಿರುವುದು ಇನ್ನೊಂದು. ಈ ವಿಷಯ ಈ ಮಗುವಿಗೆ ಎಲ್ಲಿ ತೊಡಕಾಗುತ್ತದೆ ಎಂಬ ಅರಿವು ಇವೆರಡಕ್ಕೂ ಸೇರಿದ ಮೂರನೆಯದು, ಮೇಷ್ಟ್ರ ಸ್ವಂತ ವಿದ್ಯೆ ಅದೇ ಎಂದರು. ನಮ್ಮ ಹಿರಿಯರಿಗೆ ಶುಲ್ಮನ್ ಗೊತ್ತಿರಲಿಲ್ಲ, ಅವರಿಗೆ ಕಿಟಕಿ ಗೊತ್ತಿತ್ತು. ಕುದಾಪುರ ಮೊದಲನೆಯದನ್ನು ಚೆನ್ನಾಗಿ ಕೊಡಬಲ್ಲದು. ಮೂರನೆಯದನ್ನು ಅಲ್ಲಿನ ಎಷ್ಟು ದೊಡ್ಡ ವಿಜ್ಞಾನಿಯೂ ಕೊಡಲಾರ, ಏಕೆಂದರೆ ಆ ಮಗು ಅಲ್ಲಿಲ್ಲ.

ಈಗ ಆ ಕಿಟಕಿಯ ಹತ್ತಿರ ಯಾರಿದ್ದಾರೆ? 2024-25ರ ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 7,349. ಅಲ್ಲಿಗೆ ಹೋದ ಹೊಸ ಹುಡುಗಿ 1005 ಕಂಡರೆ ಯಾರನ್ನು ಕೇಳಬೇಕು? ದೀಕ್ಷಾ ಆ್ಯಪನ್ನೇ? ಒಬ್ಬರಿಗಿಂತ ಹೆಚ್ಚಿರುವ ಶಾಲೆಗಳಲ್ಲೂ ಎಷ್ಟೋ ಕಡೆ ಎರಡನೆಯವರು ಅತಿಥಿ ಶಿಕ್ಷಕರು. ವರ್ಷಾರಂಭದ ಹೊತ್ತಿಗೆ ಬಂದು ವರ್ಷಾಂತ್ಯಕ್ಕೆ ಹೋಗುವವರು, ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ ದುಡಿಯುವವರು. ತರಬೇತಿಯ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೂ ಸಿಗುವುದು ಅಪರೂಪ. ಕಲಿಸಲು ಯೋಗ್ಯರು, ಕಲಿಯಲು ಅಲ್ಲ! 'ಗುಣಮಟ್ಟದ ಶಿಕ್ಷಣಕ್ಕೆ ಗುಣಮಟ್ಟದ ಶಿಕ್ಷಕ' ಎಂದು ಫ್ಲೆಕ್ಸ್ ಕಟ್ಟುವವರು ಈ ಒಂದು ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಬಿ.ಎಡ್. ವಿಷಯಕ್ಕೆ ಬಂದರೆ, ಹೊಸ ನಿಯಮದ ಎರಡು ವರ್ಷದ ಕೋರ್ಸಿನಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಕಾಗದದಲ್ಲಿ ಚೆನ್ನಾಗಿದೆ. ನಮ್ಮ ಶಾಲೆಗೆ ಬಂದ ಆ ಹುಡುಗ ಹುಡುಗಿಯರನ್ನು ನಾವು ಏನು ಮಾಡಿದೆವು? ಖಾಲಿ ಪೀರಿಯಡ್ಡಿಗೆ ತಳ್ಳಿದೆವು. ಅವರು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಕೂರಬೇಕಾದ ನಾನು ಆಫೀಸಿನಲ್ಲಿ ಬಿಸಿಯೂಟದ ಲೆಕ್ಕ ಬರೆಯುತ್ತಿದ್ದೆ, ಕೊನೆಗೆ ಅವರ ಪಾಠಯೋಜನೆಗೆ ಸಾಲಾಗಿ ಸಹಿ ಹಾಕಿದೆ. ಎಂಬಿಬಿಎಸ್ ಮುಗಿಸಿದ ಹುಡುಗನನ್ನು ಆಪರೇಷನ್ ಥಿಯೇಟರಿಗೆ ಒಬ್ಬನನ್ನೇ ಬಿಟ್ಟು ಸರ್ಜನ್ ಔಷಧಿ ದಾಸ್ತಾನು ಎಣಿಸಲು ಹೋದರೆ ಊರು ಸುಮ್ಮನಿರುತ್ತದೆಯೇ? ಈ ಪಾಪದಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದೇನಿಲ್ಲ.

ಇಲ್ಲಿ ಇನ್ನೊಂದು ಗುಂಪಿನವರು ಎದ್ದು ನಿಲ್ಲುತ್ತಾರೆ. ತರಬೇತಿಯೂ ಬೇಡ, ಏನೂ ಬೇಡ, ಮೇಷ್ಟ್ರಾಗಲು ಹುಟ್ಟಿ ಬರಬೇಕು ಅನ್ನುವವರು. ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಅರ್ಪಿಸಿದ್ದು ತಮ್ಮ ಮೇಷ್ಟ್ರು, ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ವೆಂಕಣ್ಣಯ್ಯನವರಿಗೆ. ನಮ್ಮ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮೇಷ್ಟ್ರಾಗಿದ್ದವರು. ಅಂಥವರನ್ನು ಯಾವ ಡಯಟ್ ತಯಾರು ಮಾಡೀತು ಎಂದು ಕೇಳುತ್ತಾರೆ. ಸರಿ, ಮಾಡದು. ಆದರೆ ಹಳ್ಳಿಹಳ್ಳಿಗೆ ಶಾಲೆ ಇಟ್ಟ ಮೇಲೆ ಲಕ್ಷಗಟ್ಟಲೆ ಮೇಷ್ಟ್ರು ಬೇಕು. ಅಷ್ಟು ಜನ ವೆಂಕಣ್ಣಯ್ಯನವರು ಹುಟ್ಟುವ ತನಕ ಮೂರನೇ ಕ್ಲಾಸು ಕಾಯುವುದಿಲ್ಲ.

ಹತ್ತಿರದಲ್ಲಿದ್ದು ಕಲಿಯುವುದು ಕನಸಿನ ಮಾತಲ್ಲ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಮದನಪಲ್ಲಿಯ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದು ಸುಮ್ಮನೆ ಕೂರಲಿಲ್ಲ. ಒಟ್ಟಿಗೆ ಕೂತು ಕಲಿಕೆಯ ಕಾರ್ಡು ಬರೆದರು, ತರಗತಿಯಲ್ಲಿ ಪ್ರಯೋಗಿಸಿ ನೋಡಿದರು, ಸರಿಬಾರದ್ದನ್ನು ಹರಿದು ಮತ್ತೆ ಬರೆದರು. ಯುನಿಸೆಫ್ ಬೆಂಬಲಕ್ಕಿತ್ತು. 'ನಲಿ ಕಲಿ' ಹುಟ್ಟಿದ್ದು ಹಾಗೆ. 2009ರ ಹೊತ್ತಿಗೆ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ಆದೇಶವಾಗಿ ಇಳಿಸಿದರು. ಕಾರ್ಡು ಬಂತು, ಕಲಿಕೆಯ ಏಣಿಯ ಚಿತ್ರ ಬಂತು, ಅದನ್ನು ಬಳಸುವ ತರಬೇತಿಯೂ ಬಂತು. ಬರಲಾರದೆ ಹೋದದ್ದು ಕೋಟೆಯ ಮೇಷ್ಟ್ರುಗಳು ರಾತ್ರಿ ಕೂತು ಹರಿದು ಹಾಕಿದ ಕಾರ್ಡುಗಳು. ಕಲಿತದ್ದೆಲ್ಲ ಆ ಹರಿದ ಕಾರ್ಡುಗಳಲ್ಲಿತ್ತು. ಜಪಾನಿನಲ್ಲಿ ಒಬ್ಬರು ಪಾಠ ಮಾಡುವಾಗ ಶಾಲೆಯ ಉಳಿದವರು ಗೋಡೆಗೆ ಒರಗಿ ನಿಂತು ಮಕ್ಕಳನ್ನು ಗಮನಿಸುತ್ತಾರೆ, ಆಮೇಲೆ ಆ ಒಂದು ಪಾಠದ ಮೇಲೆ ಗಂಟೆಗಟ್ಟಲೆ ಮಾತಾಡುತ್ತಾರೆ. ನೂರು ವರ್ಷಕ್ಕೂ ಹಳೆಯ ರೂಢಿ ಅದು. ನಮ್ಮಲ್ಲಿ ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಕಾಲಿಟ್ಟರೆ ಅದು ತನಿಖೆ.

ಇದಕ್ಕಾಗಿಯೇ ಒಂದು ಜಾಗ ನಮಗೂ ಇತ್ತು. ತೊಂಬತ್ತರ ದಶಕದ ಡಿಪಿಇಪಿ ಯೋಜನೆಯ ಕಾಲದಲ್ಲಿ ಕ್ಲಸ್ಟರ್ ಎಂದು ಮಾಡಿ, ಹತ್ತಾರು ಶಾಲೆಗಳ ಮೇಷ್ಟ್ರು ತಿಂಗಳಿಗೊಮ್ಮೆ ಸೇರಿ ಪಾಠದ ಕಷ್ಟ ಹೇಳಿಕೊಳ್ಳಲಿ ಎಂದು ಸಮಾಲೋಚನಾ ಸಭೆ ಇಟ್ಟರು. ಸಿಆರ್‌ಪಿ ಎಂದರೆ ಊರೂರಿಗೆ ಹೋಗಿ ಕಿಟಕಿಯಾಚೆ ನಿಲ್ಲಬೇಕಾದ ಹಿರಿಯ ಮೇಷ್ಟ್ರು. ಈಗ ಸಿಆರ್‌ಪಿಯ ಕೆಲಸ ವಾಟ್ಸಾಪ್. 'ಅತಿ ತುರ್ತು, ಸಂಜೆ 4ರೊಳಗೆ ಮೊಟ್ಟೆ ತಿಂದವರ, ಬಾಳೆಹಣ್ಣು ತಿಂದವರ ಸಂಖ್ಯೆ ಕಳಿಸಿ.' ಸಮಾಲೋಚನಾ ಸಭೆಯಲ್ಲಿ ಆಧಾರ್ ಜೋಡಣೆ, ಎಸ್‌ಎಟಿಎಸ್ ಎಂಟ್ರಿ, ಚುನಾವಣೆಯ ಪಟ್ಟಿ. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆಂದು ಮೇಷ್ಟ್ರನ್ನು ಮನೆಮನೆಗೆ ಕಳಿಸಿ, ಅದೂ ಸಾಲದೆ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆದರು. ಸಮೀಕ್ಷೆ ಬೇಡವೆನ್ನುತ್ತಿಲ್ಲ. ಎಣಿಸಲು ಇವರನ್ನು ಬಿಟ್ಟರೆ ಇನ್ನೊಂದು ತಲೆ ಸರ್ಕಾರಕ್ಕೆ ಹೊಳೆಯುವುದಿಲ್ಲ. ಕಲಿಸಲು ಮಾತ್ರ ಇವರ ಬ್ಯಾಟರಿ ಸಾಲದು.

ತರಬೇತಿಯ ಭರಾಟೆ ನಿಲ್ಲದಿರುವುದಕ್ಕೆ ನನಗೆ ಕಾಣುವ ಕಾರಣ ಇಷ್ಟೇ: ಅದನ್ನು ಎಣಿಸಬಹುದು. ಎಷ್ಟು ಜನ ಬಂದರು, ಎಷ್ಟು ದಿನ ಇದ್ದರು, ಊಟಕ್ಕೆಷ್ಟು, ಟಿಎ ಎಷ್ಟು, ಪ್ರಮಾಣಪತ್ರ ಎಷ್ಟು. ಕಿಟಕಿಯಾಚೆ ನಿಂತವರ ಲೆಕ್ಕ ಯಾವ ಕಾಲಂನಲ್ಲಿ ಬರೆಯುತ್ತೀರಿ? ಖಾಲಿ ಹುದ್ದೆ ತುಂಬುವುದಕ್ಕೆ ಪ್ರತಿ ತಿಂಗಳೂ ಸಂಬಳ ಬೇಕು. ತರಬೇತಿಗೆ ಒಂದು ಸಲದ ಅನುದಾನ ಸಾಕು. ಇನ್ನೊಂದು ಅನುಕೂಲವೂ ಇದೆ. ತರಬೇತಿ ಕೊಟ್ಟ ಮೇಲೂ ಮಕ್ಕಳು ಕಲಿಯದಿದ್ದರೆ ತಪ್ಪು ತರಬೇತಿ ಪಡೆದವನದು.

ಹೋದ ವರ್ಷ ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಮೇಜಿನ ಮೇಲೆ ವಿಜ್ಞಾನ ತರಬೇತಿಯ ಪಟ್ಟಿ ತಯಾರಾಗುತ್ತಿತ್ತು, ಶಾಲೆಗೊಬ್ಬರಂತೆ. ನಿವೃತ್ತನಾದವನಿಗೆ ಸ್ವಲ್ಪ ಧೈರ್ಯ ಜಾಸ್ತಿ. ಅಧಿಕಾರಿಗೆ ಹೇಳಿದೆ: "ಸ್ವಾಮಿ, ಹತ್ತು ಶಾಲೆಯಿಂದ ಹತ್ತು ಜನರನ್ನು ಕಳಿಸುವ ಬದಲು ಐದು ಶಾಲೆಯಿಂದ ಇಬ್ಬಿಬ್ಬರನ್ನು ಕಳಿಸಿ ನೋಡಿ. ವಾಪಸ್ ಬಂದ ಮೇಲೆ ಒಬ್ಬರ ಕ್ಲಾಸಲ್ಲಿ ಇನ್ನೊಬ್ಬರು ಕೂರಲಿ. ಬೀರು ತೆಗೆಸೋಕೆ ಇಬ್ಬರಿದ್ದರೆ ಬಾಯಿ ಬರ್ತದೆ."

ಅವರು ಕೆಟ್ಟವರಲ್ಲ, ಪೆನ್ನು ಕೆಳಗಿಟ್ಟು ಯೋಚಿಸಿದರು. ಆಮೇಲೆ ತಲೆಯಾಡಿಸಿದರು.

"ಒಳ್ಳೇ ಮಾತೇ ಮೇಷ್ಟ್ರೇ. ಆದ್ರೆ ಇಬ್ಬರೂ ಬಂದುಬಿಟ್ರೆ ಶಾಲೇಲಿ ಇನ್ಯಾರಿರ್ತಾರೆ?"

"ನಾನೂ ಅದನ್ನೇ ಕೇಳ್ತಾ ಇರೋದು ಸ್ವಾಮಿ" ಅಂದೆ. ಅವರು ಪಟ್ಟಿ ಮುಂದುವರಿಸಿದರು.